ಟೀಮಿನಲ್ಲಿ ಎಲ್ಲರಿಗಿಂತ ದೊಡ್ಡವರು ನೀವೇನಾ? ಬನ್ನಿ, ಇಲ್ಲಿ ಕೂತ್ಕೊಳ್ಳಿ

ಹಳೇ_ಬಗ್

ವಯಸ್ಸು 45. ಔಟರ್ ರಿಂಗ್ ರೋಡಿನ ಒಂದು ಐಟಿ ಕಂಪನಿ. ಈ ವರ್ಷ ಟೀಮುಗಳನ್ನೆಲ್ಲ ಅದಲು ಬದಲು ಮಾಡಿದರು. ನನ್ನ ವಯಸ್ಸಿನವರು ದಿಕ್ಕಿಗೊಬ್ಬರಂತೆ ಹಂಚಿ ಹೋದರು. ನನ್ನನ್ನು ತಂದು ಹುಡುಗರ ಮಧ್ಯೆ ಕೂರಿಸಿದ್ದಾರೆ.

ನಾನು ಕೆಲಸಕ್ಕೆ ಸೇರಿದ್ದು 2003ರಲ್ಲಿ. ಟೀಮಿನ ಅತಿ ಚಿಕ್ಕವನು ಹುಟ್ಟಿದ್ದೂ 2003ರಲ್ಲಿ. ಇದನ್ನು ಕಂಡುಹಿಡಿದವನು ಅವನೇ. ಊಟದ ಹೊತ್ತಲ್ಲಿ ಎಲ್ಲರೆದುರು ಘೋಷಣೆ ಮಾಡಿದ. ತಕ್ಷಣ ಒಬ್ಬಳು, "ಹಾಗಾದ್ರೆ ನೀವು ಫ್ಲಾಪಿ ನೋಡಿದೀರಾ ಸಾರ್?" ಅಂದಳು. ನೋಡಿದ್ದೇನಮ್ಮ. 1.44 ಎಂಬಿ. ನಿನ್ನ ಒಂದು ಸೆಲ್ಫಿ ಹಿಡಿಯಲ್ಲ ಅದರಲ್ಲಿ.

ಈಗ ಮುಖ್ಯ ವಿಷಯ. ಈಚೆಗೆ ಪ್ರೋಗ್ರೆಸಿವ್ ಲೆನ್ಸಿನ ಕನ್ನಡಕ ಬಂತು. ದೂರದ್ದಕ್ಕೆ ಮೇಲ್ಭಾಗ, ಓದೋಕೆ ಕೆಳಭಾಗ. ಅಂದ್ರೆ ಮಾನಿಟರ್ ಓದಬೇಕಾದರೆ ಗಲ್ಲ ಮೇಲೆತ್ತಬೇಕು, ಕಣ್ಣು ಕೆಳಗೆ ಹಾಕಬೇಕು, ಮೂಗಿನ ತುದಿಯಿಂದ ನೋಡಬೇಕು. ಸಣ್ಣ ಅಕ್ಷರ ಆದ್ರೆ ಹುಬ್ಬೂ ಗಂಟಾಗುತ್ತೆ. ಹೋದ ವಾರ ಒಬ್ಬ ಹುಡುಗ ಕೋಡ್ ತೋರಿಸೋಕೆ ಬಂದ. ನಾನು ನೋಡ್ತಾ ಇದ್ದೆ. ಏನೂ ಹೇಳಿರಲಿಲ್ಲ. ಅವನ ಮುಖ ನಿಧಾನಕ್ಕೆ ಬಾಡಿತು. "ಸಾರ್, ಅಷ್ಟೊಂದು ಕೆಟ್ಟದಾಗಿದ್ಯಾ? ನಾಳೆ ಪೂರ್ತಿ ಬೇರೆ ಥರ ಬರೀತೀನಿ" ಅಂತ ಲ್ಯಾಪ್‌ಟಾಪ್ ಎತ್ತಿಕೊಂಡು ಹೋದ. ಮಾರನೇ ದಿನ ನಿಜವಾಗ್ಲೂ ಬೇರೆ ಥರ ಬರೆದು ತಂದ. ಮೊದಲಿನದೇ ಚೆನ್ನಾಗಿತ್ತು.

ನನ್ನ ಮ್ಯಾನೇಜರಿಗೆ 31. ಚುರುಕು ಹುಡುಗಿ. ಒಂದು ಮೆಸೇಜಿಗೆ ನಾನು "ಓಕೆ" ಅಂತ ಬರೆದು ಪೂರ್ಣವಿರಾಮ ಹಾಕಿದೆ. ಶಾಲೆಯಲ್ಲಿ ಹಾಗೆ ಕಲಿಸಿದ್ದರು. ಹತ್ತು ನಿಮಿಷಕ್ಕೆ ಕಾಲ್ ಬಂತು: "ಸಾರ್, ಏನಾದ್ರೂ ಬೇಜಾರಾಯ್ತಾ?" ಈಗಿನವರಿಗೆ ವಾಕ್ಯದ ಕೊನೆಯ ಚುಕ್ಕಿ ಅಂದ್ರೆ ಕೋಪವಂತೆ. ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರೆ ಇನ್ನೂ ದೊಡ್ಡ ಕೋಪವಂತೆ. ನಾನು ಇಷ್ಟು ದಿನ ಹೆಬ್ಬೆರಳೇ ಕಳಿಸ್ತಿದ್ದೆ. ಟೀಮ್ ನನ್ನನ್ನು ಜಮದಗ್ನಿ ಅಂದುಕೊಂಡಿತ್ತು.

ನಿಮ್ಮದೂ ಇಂಥ ಕಥೆ ಇದ್ದರೆ ಹಾಕಿ. ಐಟಿನೇ ಆಗಬೇಕು ಅಂತಿಲ್ಲ.

ಜಯನಗರ_ನಾಲ್ಕನೇ_ಬ್ಲಾಕ್

ಪೂರ್ಣವಿರಾಮದ ವಿಷಯ ಅಕ್ಷರಶಃ ಸತ್ಯ.

(ಕೊನೆಗೆ ಬೇಕಂತಲೇ ಹಾಕಿದ್ದೇನೆ.)

ನಮ್ಮಲ್ಲಿ ಮೊನ್ನೆ ಸೋರ್ಸ್‌ಸೇಫ್ (ಕೋಡ್ ಫೈಲುಗಳನ್ನು ಕಾಯೋ ಹಳೇ ವರ್ಷನ್ ಕಂಟ್ರೋಲ್ ಸಾಫ್ಟ್‌ವೇರು) ಕಥೆ ಹೇಳಿದೆ. ಹಳಬರಿಗೆ ನೆನಪಿರುತ್ತೆ. ಒಬ್ಬ ಫೈಲ್ ಚೆಕ್‌ಔಟ್ ಮಾಡಿದರೆ ಇನ್ನೊಬ್ಬ ಅದನ್ನು ಮುಟ್ಟೋ ಹಾಗಿರಲಿಲ್ಲ. ಅವನು ಫೈಲ್ ಲಾಕ್ ಮಾಡಿಕೊಂಡು ಊಟಕ್ಕೆ ಹೋದರೆ ಮುಗೀತು. ಎದ್ದು ನಿಂತು, ಇಡೀ ಫ್ಲೋರಿಗೆ ಕೇಳೋ ಹಾಗೆ, "ಆ ಫೈಲ್ ಯಾರ ಹತ್ರ ಇದೆ, ಚೆಕ್‌ಇನ್ ಮಾಡ್ರಪ್ಪಾ" ಅಂತ ಕೂಗಬೇಕಿತ್ತು. ನಮ್ಮ ಫ್ರೆಶರ್ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು, "ಬ್ರಾಂಚ್ ಮಾಡ್ಕೊಬೋದಿತ್ತಲ್ವಾ?" ಅಂದ. ಅಂದ್ರೆ ಬೇರೆ ಕಾಪಿ ಮಾಡಿಕೊಂಡು ಕೆಲಸ ಮಾಡೋದು. ಅದನ್ನ ಸುಲಭ ಮಾಡಿದ ಗಿಟ್ ಬಂದಿದ್ದೇ 2005ರಲ್ಲಿ ಕಣಪ್ಪ. ನಮ್ಮ ಆಫೀಸಿಗೆ ಬರೋಕೆ ಇನ್ನೂ ಎಷ್ಟೋ ವರ್ಷ ಹಿಡೀತು. ಅಲ್ಲಿವರೆಗೂ ನಮ್ಮ ವರ್ಷನ್ ಕಂಟ್ರೋಲ್ ಅಂದ್ರೆ ಗಂಟಲು.

ಕರಾವಳಿ_ಕ್ಯಾಶಿಯರ್

ಐಟಿಯವರು ಮಾತ್ರ ಅಳ್ತೀರಿ ಮಾರಾಯ್ರೆ. ಬ್ಯಾಂಕಿನವರ ಕತೆ ಕೇಳಿ.

2000-01ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ವಿಆರ್‌ಎಸ್, ಅಂದ್ರೆ ಸ್ವಯಂ ನಿವೃತ್ತಿ ಯೋಜನೆ ಬಂತು. ಹಳಬರು ತಂಡತಂಡವಾಗಿ ಮನೆಗೆ ಹೋದರು. ಆಮೇಲೆ ಸುಮಾರು ವರ್ಷ ಹೊಸ ನೇಮಕಾತಿ ಬಹಳ ಕಮ್ಮಿ. ನಾನು ಸೇರಿದಾಗ ಬ್ರಾಂಚಿನಲ್ಲಿ ಎಲ್ಲರೂ ಐವತ್ತು ದಾಟಿದವರು, ನಾನೊಬ್ಬನೇ ಹುಡುಗ. ಚಹಾ ತರುವುದರಿಂದ ಹಿಡಿದು ಪ್ರಿಂಟರ್ ಸರಿ ಮಾಡುವವರೆಗೆ ಎಲ್ಲ ನಾನೇ. ಈಗ ನೋಡಿದ್ರೆ ಎಲ್ಲರೂ ಇಪ್ಪತ್ತಾರು, ಇಪ್ಪತ್ತೇಳು. ನಾನೊಬ್ಬನೇ ಮುದುಕ. ನನ್ನ ವಾರಿಗೆಯವರು ನನಗೆ ಸರ್ವಿಸ್‌ನಲ್ಲಿ ಸಿಗಲೇ ಇಲ್ಲ. ಪ್ರಿಂಟರ್ ಮಾತ್ರ ಈಗಲೂ ನಾನೇ ಸರಿ ಮಾಡುವುದು.

ನಾನು ಸೇರಿದ್ದು ಸಿಂಡಿಕೇಟ್ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದು. 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನೊಳಗೆ ಸೇರಿತು. ಬೋರ್ಡು ಬದಲಾಯ್ತು, ಪಾಸ್‌ಬುಕ್ ಬದಲಾಯ್ತು. ನಮ್ಮ ಊರಿನ ಅಜ್ಜಿಯಂದಿರು ಬದಲಾಗಲಿಲ್ಲ. ಒಬ್ಬರು ಕೌಂಟರಿಗೆ ಬಂದು, "ಇದು ಸಿಂಡಿಕೇಟ್ ಅಲ್ದಾ?" ಅಂದರು. ಕೂತಿದ್ದ ಹೊಸ ಪಿಒ (ಪ್ರೊಬೇಷನರಿ ಆಫೀಸರ್) ಬೇರೆ ರಾಜ್ಯದವ. ಪಾಪ, ಹೊಸದಾಗಿ ಕಲಿತ ಕನ್ನಡದಲ್ಲಿ, "ಇಲ್ಲಾ ಅಮ್ಮಾ, ಇದು ಕೆನರಾ" ಅಂದ. ಅಜ್ಜಿ "ಹೌದಾ" ಅಂತ ಛತ್ರಿ ತೆಗೆದುಕೊಂಡು ಹೊರಟೇಬಿಟ್ಟರು. ನಾನು ಓಡಿಹೋಗಿ ಮೆಟ್ಟಿಲ ಹತ್ರ ಹಿಡಿದು ಕರಕೊಂಡು ಬಂದೆ. ಅವರ ಎಫ್‌ಡಿ ಆ ದಿನವೇ ರಿನ್ಯೂ ಆಗಬೇಕಿತ್ತು!

ಆಮೇಲೆ ಆ ಹುಡುಗ ನನ್ನ ಹತ್ರ ಬಂದು, "ಸಾರ್, ಪಿಗ್ಮಿ ಅಂದ್ರೇನು?" ಅಂತ ಕೇಳಿದ. ದಿನಾ ಮನೆಮನೆಗೆ ಹೋಗಿ ಚಿಲ್ಲರೆ ಕಟ್ಟಿಸಿಕೊಳ್ಳುವ ಡೆಪಾಸಿಟ್ಟು, ಈ ಬ್ಯಾಂಕಲ್ಲಿ 1928ರಲ್ಲೇ ಶುರುವಾದದ್ದು ಅಂತ ವಿವರಿಸಿದೆ. ಎಲ್ಲ ಕೇಳಿ, "ಓ, ಸ್ಟಾರ್ಟಪ್ ಥರ" ಅಂದ. ಹೌದು ಮಾರಾಯ. ಆ್ಯಪಿನ ಬದಲು ಸೈಕಲ್ಲು.

ಬೆಂಚ್‌ನಲ್ಲಿರೋಳು

ನಂಗೆ 24. ಇಲ್ಲಿ ಬರೋಕೆ ಪರ್ಮಿಷನ್ ಇದ್ಯಾ ಗೊತ್ತಿಲ್ಲ. ಆದ್ರೂ ಎದುರು ಪಕ್ಷದ ವಾದ ಇರಲಿ ಅಂತ ಬರೀತಿದೀನಿ.

ನೀವು ದೊಡ್ಡವರೆಲ್ಲ ಮೆಸೇಜ್ ಮಾಡದೆ ಸೀದಾ ಕಾಲ್ ಮಾಡ್ತೀರಲ್ವಾ, ಅದಕ್ಕೆ ಮೊದಲು ಕಾನೂನು ತರಬೇಕು. ಫೋನ್ ರಿಂಗ್ ಆದ ಕೂಡಲೇ ಊರಲ್ಲಿ ಯಾರಿಗೋ ಏನೋ ಆಯ್ತು ಅಂತ ಎದೆ ಧಸಕ್ ಅನ್ನುತ್ತೆ. ಎತ್ತಿದರೆ, "ಏನಿಲ್ಲಮ್ಮ, ಆ ಶೀಟು ಎಲ್ಲಿದೆ?"

ಎರಡನೇದು, ಆಫೀಸ್ ಗ್ರೂಪಲ್ಲಿ ಬೆಳಗ್ಗೆ ಐದೂ ಮುಕ್ಕಾಲಿಗೆ ದಾಸವಾಳದ ಹೂವಿನ ಜೊತೆ "ಶುಭೋದಯ". ಅದು ಡಿಪ್ಲಾಯ್‌ಮೆಂಟ್ ಅಲರ್ಟ್ (ಸಾಫ್ಟ್‌ವೇರಲ್ಲಿ ಏನಾದ್ರೂ ಕೆಟ್ರೆ ಬರೋ ಎಚ್ಚರಿಕೆ) ಬರೋ ಗ್ರೂಪ್ ಸಾರ್. ಆನ್‌ಕಾಲ್ ಇದ್ದೋರು ಹಾಸಿಗೆಯಿಂದ ಹಾರಿ ಲ್ಯಾಪ್‌ಟಾಪ್ ತೆಗೀತಾರೆ.

ಆದ್ರೆ ಒಂದು ಒಪ್ಕೊಬೇಕು. ನಮ್ಮ ಟೀಮಲ್ಲಿ ಒಬ್ಬ ಮೇಡಂ ಇದಾರೆ, ಇಪ್ಪತ್ತು ವರ್ಷ ಎಕ್ಸ್‌ಪೀರಿಯನ್ಸ್. ಅವರ ಡ್ರಾಯರ್ ಒಂದ್ಸಲ ತೆಗೆದು ನೋಡಿದೆ, ಅವರೇ ತಗೋ ಅಂದಿದ್ರು. ಅಮೃತಾಂಜನ, ಡೋಲೋ, ಸೂಜಿ ದಾರ, ಸೇಫ್ಟಿ ಪಿನ್ನು, ಒಂದು ಡಬ್ಬಿ ಹುರಿಗಡಲೆ, ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ, ರೆವಿನ್ಯೂ ಸ್ಟ್ಯಾಂಪು. ರೆವಿನ್ಯೂ ಸ್ಟ್ಯಾಂಪು ಅಂದ್ರೆ ಏನು ಅಂತ ನಂಗೆ ಅವತ್ತೇ ಗೊತ್ತಾಗಿದ್ದು. ನಮ್ಮಲ್ಲಿ ಯಾರಿಗೆ ತಲೆನೋವು ಬಂದ್ರೂ, ಯಾರ ಗುಂಡಿ ಕಿತ್ತೋದ್ರೂ, ಯಾರ ಮನೆ ಓನರ್ ಅಡ್ವಾನ್ಸ್ ವಾಪಸ್ ಕೊಡದೇ ಇದ್ರೂ ಅಲ್ಲಿಗೇ ಹೋಗೋದು.

ಹಳೇ_ಬಗ್

@ಬೆಂಚ್‌ನಲ್ಲಿರೋಳು, ಪರ್ಮಿಷನ್ ಇದೆ. ಶುಭೋದಯದ ವಿಷಯ ನಮ್ಮವರಿಗೆ ತಲುಪಿಸುತ್ತೇನೆ. ನಿಲ್ಲಿಸುತ್ತಾರೆ ಅಂತ ಮಾತ್ರ ಹೇಳೋಕಾಗಲ್ಲ.

ನೀನು ಕೊನೆಗೆ ಹೇಳಿದ್ದು ನನಗೂ ಪೂರ್ತಿ ಹೊಂದುತ್ತೆ. ನನ್ನ ಹತ್ತಿರ ಕೋಡ್ ಬಗ್ಗೆ ಕೇಳೋರು ಈಗ ಕಮ್ಮಿ. ಅದಕ್ಕೆ ಎಐ ಇದೆ. ನನ್ನ ಹತ್ರ ಬರೋದು ಎಐಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು. ಬಾಡಿಗೆ ಕರಾರು 11 ತಿಂಗಳಿಗೇ ಯಾಕೆ ಮಾಡ್ತಾರೆ? ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಂಡ್ರೆ ಏನು ಮಾಡೋದು? ಫಾರಂ 16 ಅಂದ್ರೇನು? ಖಾತೆ ಎ ಮತ್ತೆ ಬಿ ಅಂದ್ರೇನು, ಅಪ್ಪ ಸೈಟ್ ತಗೋತಿದಾರೆ. ಮದುವೆಗೆ ಮನೇಲಿ ಹೇಗೆ ಒಪ್ಪಿಸೋದು? (ಇದಕ್ಕೆ ನನ್ನಲ್ಲೂ ಉತ್ತರ ಇಲ್ಲ.) ಟೀಮಿಗೆ ನಾನು ಸೀನಿಯರ್ ಆರ್ಕಿಟೆಕ್ಟ್ ಅಲ್ಲ, ನಾಡಕಚೇರಿ.

ಇನ್ನೊಂದು. ನನ್ನ ಹುಟ್ಟುಹಬ್ಬಕ್ಕೆ ಹುಡುಗರು ಕನ್ನಡದಲ್ಲೇ ವಿಶ್ ಮಾಡಬೇಕು ಅಂತ ಎಐ ಹತ್ರ ಬರೆಸಿದ್ದರು. "ಮಾನ್ಯರೇ, ತಾವು ಹಾಕಿಕೊಟ್ಟ ಹಾದಿಯಲ್ಲಿ ನಾವು ಸದಾ ಸಾಗುವೆವು, ತಮ್ಮ ಸೇವೆ ಚಿರಸ್ಮರಣೀಯ" ಅಂತೆಲ್ಲ ಇತ್ತು. ಜೊತೆಗೆ ನನ್ನ ದೊಡ್ಡ ಫೋಟೋ. ಥೇಟ್ ಸರ್ಕಲ್ಲಲ್ಲಿ ಕಟ್ಟೋ ಶ್ರದ್ಧಾಂಜಲಿ ಬ್ಯಾನರ್ ಥರ. ಹಾರ ಒಂದು ಬಾಕಿ. ಮನೆಗೆ ತಗೊಂಡು ಹೋದೆ, ನನ್ನ ಹೆಂಡತಿ ಮಂಚದ ಕೆಳಗೆ ಇಟ್ಟಿದ್ದಾಳೆ.

ಮೊಳೆಜೋಡಣೆ_ಹುಬ್ಬಳ್ಳಿ

ನಮ್ಮದು ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಸಹಕಾರ ಸಂಘದ ವಾರ್ಷಿಕ ವರದಿ. ಡಿಟಿಪಿಗೆ ಹೊಸ ಹುಡುಗ ಬಂದಿದ್ದಾನೆ. ಡಿಸೈನಿನಲ್ಲಿ ಭಾಳ ಶಾಣ್ಯಾ. ಕನ್ನಡ ಟೈಪ್ ಮಾಡೋದು ಮಾತ್ರ ಫೋನಿಗೆ ಮಾತಾಡಿ. ನಾನು ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆಯವ. ಅವ "ಆಮಂತ್ರಣ" ಅಂತ ಮೈಕಿಗೆ ಹೇಳಿ ಮುಗಿಸೋದರೊಳಗ ನಾನು ಅರ್ಧ ಪತ್ರಿಕೆ ಹೊಡೆದಿರ್ತೀನಿ. ಫ್ಯಾನ್ ಜೋರು ತಿರುಗಿದ್ರೆ ಅವನ ಫೋನು "ಆ ಮಂತ್ರ ಅಣ್ಣ" ಅಂತ ಬರೀತದ.

ಒಂದಿನ ಓಡಿ ಬಂದ. "ಕಾಕಾ, ಗಿರಾಕಿ ಕೊಟ್ಟ ಫೈಲಿಗೆ ವೈರಸ್ ಹತ್ತೇತಿ ನೋಡ್ರಿ!" ನೋಡಿದ್ರ ಹಳೇ 'ನುಡಿ' ಸಾಫ್ಟ್‌ವೇರಿನಲ್ಲಿ ಮಾಡಿದ ಫೈಲು. ಆ ಫಾಂಟ್ ಇಲ್ಲದ ಮಷೀನಿನಲ್ಲಿ ತೆಗೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ, ಕೊಂಬು, ಚುಕ್ಕಿ ಎಲ್ಲ ಕಲಸಿ ಬರತಾವ. ನಾವು ಯೂನಿಕೋಡ್ ಬರೋಕೂ ಮುಂಚೆಯಿಂದ ಅದನ್ನ ನೋಡಿ ನೋಡಿ ಬೆಳೆದವರು. ಅವನ ಮುಂದೆ ಹಂಗೇ ಸ್ಕ್ರೀನ್ ನೋಡಿ ಓದಿದೆ: "ವಿವಾಹ ಮಹೋತ್ಸವ... ಮುಹೂರ್ತದ ವೇಳೆ..." ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಆವತ್ತಿನಿಂದ ಅಂಗಡಿಗೆ ಬಂದ ಗೆಳೆಯರಿಗೆಲ್ಲ ನನ್ನ ತೋರಿಸಿ "ಇವರು ವೈರಸ್ ಓದ್ತಾರ" ಅಂತ ಪರಿಚಯ ಮಾಡಸ್ತಾನ.

ಬೆಂಚ್‌ನಲ್ಲಿರೋಳು

"ಆ ಮಂತ್ರ ಅಣ್ಣ" ನನ್ನ ಹೊಸ ಡಿಸ್‌ಪ್ಲೇ ನೇಮ್.

ಮಂಡ್ಯ_ಮೇಷ್ಟ್ರು

ನಿಮ್ಮೆಲ್ಲರ ಸಂಕಟಕ್ಕಿಂತ ನಂದು ಒಂದು ಕೈ ಮೇಲು. ನನ್ನ ಹೊಸ ಸಹೋದ್ಯೋಗಿ ನನ್ನ ಹಳೇ ವಿದ್ಯಾರ್ಥಿನಿ. ಎಂಟನೇ ಕ್ಲಾಸಿನಲ್ಲಿ ನಾನೇ ಗಣಿತ ಹೇಳಿಕೊಟ್ಟಿದ್ದು. ಈಗ ನಮ್ಮ ಹೈಸ್ಕೂಲಿಗೇ ಅತಿಥಿ ಶಿಕ್ಷಕಿಯಾಗಿ ಬಂದಿದ್ದಾಳೆ. (ಬಂದಿದ್ದಾರೆ ಅನ್ನಬೇಕೋ ಏನೋ, ಇನ್ನೂ ಬಾಯಿ ತಿರುಗ್ತಿಲ್ಲ. ಮಕ್ಕಳೆದುರು "ಮೇಡಂ" ಅಂತೀನಿ. ಅವಳಿಗೇ ನಗು ಬರುತ್ತೆ.)

ಸ್ಟಾಫ್ ರೂಮಿನಲ್ಲಿ ನಾನು ಕೂರೋವರೆಗೂ ಅವಳು ಕೂರಲ್ಲ. ನಾನು ಸಿಗರೇಟಿಗೆ ಅಂತ ಗೇಟಿನ ಕಡೆ ಹೋದರೆ, "ಸಾರ್, ನೀವೇ ಹೇಳಿದ್ರಲ್ಲ ಆರೋಗ್ಯಕ್ಕೆ ಒಳ್ಳೇದಲ್ಲ ಅಂತ" ಅಂತಾಳೆ. ಯಾವತ್ತು ಹೇಳಿದ್ದೆನೋ ಪುಣ್ಯಾತ್ಮ. ಎಚ್‌ಎಂ ಬಗ್ಗೆ ಒಂದು ಮಾತು ಆಡೋ ಹಾಗಿಲ್ಲ. ಇವಳು ಕೂತಿದ್ದಾಳೆ ಅಂದ್ರೆ ನಾನು ಇನ್ನೂ ಪಾಠದಲ್ಲೇ ಇದ್ದೀನಿ ಅಂತ ಲೆಕ್ಕ.

ಆದರೆ ಎಸ್‌ಎಟಿಎಸ್‌ನಲ್ಲಿ, ಅಂದ್ರೆ ಶಿಕ್ಷಣ ಇಲಾಖೆಯ ವೆಬ್‌ಸೈಟಿನಲ್ಲಿ, ಮಕ್ಕಳ ಮಾಹಿತಿ ತುಂಬಬೇಕಾದಾಗ ಎಲ್ಲ ತಲೆಕೆಳಗು. ಸರ್ವರ್ ಸಿಕ್ಕೋದೇ ಸಂಜೆ. ಅವಳು ಪಕ್ಕದಲ್ಲಿ ನಿಂತು ಹೇಳಿಕೊಡ್ತಾಳೆ, ನಾನು ಒಂದೊಂದೇ ಬೆರಳಲ್ಲಿ ಒತ್ತುತೀನಿ. ಮೊನ್ನೆ ಒಂದೇ ವಿಷಯ ಮೂರನೇ ಸಲ ಕೇಳಿದ್ದಕ್ಕೆ, "ಸಾರ್, ನಿನ್ನೆ ಹೇಳಿಕೊಟ್ಟಿದ್ದೆ. ಮನೇಲಿ ಪ್ರಾಕ್ಟೀಸ್ ಮಾಡಿಲ್ವಾ?" ಅಂದಳು. ಅದೇ ಧಾಟಿ, ಅದೇ ಕೈ ಕಟ್ಟಿ ನಿಲ್ಲೋ ಭಂಗಿ. ನಂದೇ. ಹತ್ತು ವರ್ಷ ಜೋಪಾನ ಮಾಡಿ ವಾಪಸ್ ಕೊಟ್ಟಿದ್ದಾಳೆ.

ಮ್ಯೂನಿಕ್‌ನ_ಮಾವಿನಕಾಯಿ

ನನಗೆ 47. ಬೆಂಗಳೂರಲ್ಲಿ ಇದ್ದಾಗ ನಾನೂ ಟೀಮಿನ ತಾತ ಆಗಿದ್ದೆ. ಇಲ್ಲಿಗೆ ಬಂದ ಮೇಲೆ ಮತ್ತೆ ಹುಡುಗ ಆಗಿದ್ದೇನೆ. ಪಕ್ಕದ ಡೆಸ್ಕಿನವನಿಗೆ 61. ದಿನವಿಡೀ ಸಿ ಪ್ಲಸ್ ಪ್ಲಸ್ ಬರೀತಾನೆ, ಸೈಕಲ್ಲಲ್ಲಿ ಬರ್ತಾನೆ, ಸಂಜೆ ನಾಲ್ಕಕ್ಕೆ ಎದ್ದು ಹೋಗ್ತಾನೆ. ಜರ್ಮನಿಯಲ್ಲಿ 1964 ಮತ್ತು ಆಮೇಲೆ ಹುಟ್ಟಿದವರಿಗೆ ನಿವೃತ್ತಿ ವಯಸ್ಸು 67. ಹಾಗಾಗಿ ಐವತ್ತು, ಅರವತ್ತು ಆದವರು ಕೋಡ್ ಬರೆದರೆ ಇಲ್ಲಿ ಯಾರೂ ತಿರುಗಿ ನೋಡಲ್ಲ. ಮ್ಯಾನೇಜರ್ ಆಗಲಿಲ್ವಾ ಅಂತ ಯಾರೂ ಕೇಳಲ್ಲ. ಊರಿಂದ ಅತ್ತೆ ಫೋನ್ ಮಾಡಿದಾಗ ಮಾತ್ರ ಕೇಳ್ತಾರೆ.

ಹಳೇ_ಬಗ್

@ಮ್ಯೂನಿಕ್, ನಾನು ಇದರ ಬಗ್ಗೆ ತುಂಬ ಯೋಚನೆ ಮಾಡಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಕರಾವಳಿಯವರು ಸೇರಿದಾಗ ಬ್ರಾಂಚಿನಲ್ಲಿ ಐವತ್ತು ದಾಟಿದವರಿದ್ದರು. ಮೇಷ್ಟ್ರು ಸೇರಿದಾಗ ಹಳೇ ಮೇಷ್ಟ್ರುಗಳಿದ್ದರು. ಆಫೀಸಿನಲ್ಲಿ ವಯಸ್ಸಾಗೋದು ಹೇಗೆ ಅಂತ ಅವರನ್ನು ನೋಡಿ ಕಲಿಯಬಹುದಿತ್ತು. ಯಾವಾಗ ಗದರಬೇಕು, ಯಾವಾಗ ಪೇಪರ್ ಅಡ್ಡ ಹಿಡಿದು ನಿದ್ದೆ ಹೊಡೀಬೇಕು, ಅದೆಲ್ಲ. ನಮಗೆ ಅದು ಸಿಗಲಿಲ್ಲ. ಬೆಂಗಳೂರಿಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಿದ್ದೇ 1985ರಲ್ಲಿ. ವೈಟ್‌ಫೀಲ್ಡಿನ ಐಟಿಪಿಎಲ್ ಟೆಕ್ ಪಾರ್ಕ್ ತೊಂಬತ್ತರ ದಶಕದ್ದು. 2003ರಲ್ಲಿ ನಾನು ಸೇರಿದಾಗ ನನ್ನ ಮ್ಯಾನೇಜರಿಗೆ 30, ಅವರ ಮ್ಯಾನೇಜರಿಗೆ 36. ಅವರೇ ನಮಗೆ ಪಿತಾಮಹ. ತಲೆ ನರೆತವರು ಅಂದ್ರೆ ಸೆಕ್ಯುರಿಟಿಯವರು ಮತ್ತೆ ಫೋಟೋದಲ್ಲಿದ್ದ ಚೇರ್ಮನ್ನು, ಇಬ್ಬರೇ.

ಕಾರಣ ಗೊತ್ತಿರೋದೇ. ಕಂಪನಿ ನಿಂತಿರೋದು ಪಿರಮಿಡ್ ಲೆಕ್ಕದಲ್ಲಿ. ಕೆಳಗೆ ಫ್ರೆಶರ್‌ಗಳು ಜಾಸ್ತಿ ಇದ್ದಷ್ಟೂ ಪ್ರಾಜೆಕ್ಟಿನ ಖರ್ಚು ಕಮ್ಮಿ. ಹತ್ತು ಹನ್ನೆರಡು ವರ್ಷ ಆದ ಮೇಲೆ ಮ್ಯಾನೇಜರ್ ಆಗು, ಇಲ್ಲಾ ಬೇರೆ ಕಡೆ ನೋಡಿಕೋ. ನಡುವಯಸ್ಸಿಗೆ ಅಂತ ಕುರ್ಚಿಯನ್ನೇ ಮಾಡಿಸಿರಲಿಲ್ಲ. ಈಗ ನಾವೊಂದಿಷ್ಟು ಜನ ಉಳಿದುಕೊಂಡಿದ್ದೇವೆ. ಎಲ್ಲಿ ಕೂರಿಸಬೇಕು ಅಂತ ಎಚ್‌ಆರ್‌ಗೂ ಗೊತ್ತಿಲ್ಲ. ಟೀಮ್ ಔಟಿಂಗಿನಲ್ಲಿ ಹುಡುಗರು ರೀಲ್ಸಿಗೆ ಕುಣಿಯುವಾಗ ನನಗೆ ಕೊಡೋ ಕೆಲಸ ಫೋನ್ ಹಿಡಿಯೋದು. "ಸಾರ್ ಕೈ ಅಲ್ಲಾಡಲ್ಲ" ಅಂತಾರೆ. ಇಷ್ಟು ವರ್ಷದ ಅನುಭವದಲ್ಲಿ ಗಳಿಸಿದ್ದು.

ಜಯನಗರ_ನಾಲ್ಕನೇ_ಬ್ಲಾಕ್

ಕೈ ಅಲ್ಲಾಡದೇ ಇರೋದು ದೊಡ್ಡ ವಿಷಯ ಸ್ವಾಮಿ. ನನಗೆ ಅದೂ ಕೊಡಲ್ಲ. ನಾನು ಬ್ಯಾಗ್ ಕಾಯೋನು.

ಲೆಕ್ಕದ_ಮನುಷ್ಯ

ನಾಡಕಚೇರಿ ಅಂದ್ರಲ್ಲ, ನಗು ಬಂತು. ನನ್ನ ಟೇಬಲ್ ಮುಂದೆ ಬರೋ ಪ್ರಶ್ನೆ ಯಾವಾಗಲೂ ಒಂದೇ: "ಸಾರ್, ಪೇಪರ್ ಹಾಕಿದೆ, ರಿಸೈನ್ ಮಾಡಿದೆ. ಗ್ರಾಚ್ಯುಟಿ ಬರುತ್ತಾ?" ಎಷ್ಟು ವರ್ಷ ಆಯ್ತಪ್ಪ ಅಂದ್ರೆ ನಾಲ್ಕೂವರೆ ಅಂತಾರೆ. ಹೊಟ್ಟೆ ಉರಿಯುತ್ತೆ ನನಗೆ.

ಕೇಳಿಸಿಕೊಳ್ಳಿ ಮಕ್ಕಳೇ. ಕಾಯಂ ನೌಕರನಿಗೆ ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಕಂಪನಿ ಕೊಡೋ ಇಡಿಗಂಟು, ಸಿಗೋದು ಐದು ವರ್ಷ ಒಂದೇ ಕಂಪನಿಯಲ್ಲಿ ಮುಗಿಸಿದರೆ. ಸೂತ್ರ ಸುಲಭ: ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ, ಗುಣಿಸು 15, ಭಾಗಿಸು 26, ಗುಣಿಸು ವರ್ಷ. ಬೇಸಿಕ್ 40,000 ಇದ್ದು ಆರು ವರ್ಷ ಆಗಿದ್ದರೆ ಸುಮಾರು 1 ಲಕ್ಷ 38 ಸಾವಿರ. ಇದನ್ನ ಬಿಟ್ಟು ಹೋಗ್ತಾರಲ್ಲ, ಯಾಕೆ? ಹೊಸ ಕಂಪನಿಯವರು ಜಾಯ್ನಿಂಗ್ ದಿನ ಒಂದು ಬ್ಯಾಗು, ಒಂದು ನೀರಿನ ಬಾಟ್ಲಿ ಕೊಡ್ತಾರೆ ಅಂತ.

ಜಯನಗರ_ನಾಲ್ಕನೇ_ಬ್ಲಾಕ್

ನಾಲ್ಕು ವರ್ಷ 240 ದಿನ ಆದರೂ ಸಿಗುತ್ತೆ ಅಂತ ಮದ್ರಾಸ್ ಹೈಕೋರ್ಟ್ ಹೇಳಿದೆ ಅಲ್ವಾ?

ಲೆಕ್ಕದ_ಮನುಷ್ಯ

ಹೇಳಿದೆ. ಅದನ್ನ ನಿಮ್ಮ ಎಚ್‌ಆರ್ ಒಪ್ಪಬೇಕಲ್ಲ. ಇನ್ನು ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡು ದಿನದ ಸ್ಟ್ಯಾಂಡಪ್ ಮೀಟಿಂಗಿಗೆ ಹಾಜರಾಗೋದು ಕೋರ್ಟಿಗಿಂತ ಅಗ್ಗ. ಹಾಗೇ ಪಿಎಫ್ ದುಡ್ಡು ಡ್ರಾ ಮಾಡಿಕೊಂಡು ಬೈಕ್ ತಗೊಳ್ಳೋದು ಬೇಡ. ಟ್ರಾನ್ಸ್‌ಫರ್ ಮಾಡಿಸಿ. ಐದು ವರ್ಷದ ಸರ್ವಿಸ್ ಆಗೋ ಮುಂಚೆ ತೆಗೆದರೆ ಟ್ಯಾಕ್ಸೂ ಬೀಳಬಹುದು. ಪಿಂಚಣಿಗೆ ಹತ್ತು ವರ್ಷ ಬೇಕು. ಇದನ್ನ ಹೇಳಿದಾಗಲೆಲ್ಲ, "ಅಷ್ಟೊತ್ತಿಗೆ ನಾವೆಲ್ಲಿರ್ತೀವೋ ಸಾರ್" ಅಂತ ನಗ್ತಾರೆ. ನಾವೂ ಹಾಗೇ ನಕ್ಕಿದ್ವಿ.

ಬೆಂಚ್‌ನಲ್ಲಿರೋಳು

ಹಾಸ್ಯ ಅಂತ ಓದೋಕೆ ಬಂದೆ. ಈಗ ಪಿಎಫ್ ಪೋರ್ಟಲ್ ತೆಗೆದು ಪಾಸ್‌ವರ್ಡ್ ಮರೆತು ಕೂತಿದೀನಿ.

ಕರಾವಳಿ_ಕ್ಯಾಶಿಯರ್

ಪಾಸ್‌ವರ್ಡ್ ಡೈರಿಯ ಕೊನೇ ಪುಟದಲ್ಲಿ ಬರೆದಿಡಬೇಕು ಮಗಾ. ಬ್ಯಾಂಕಿನವನಾಗಿ ನಾನು ಹೀಗೆ ಹೇಳಬಾರದು. ಆದ್ರೆ ಎಲ್ಲರೂ ಮಾಡುವುದು ಅದನ್ನೇ.

ಹಳೇ_ಬಗ್

ಸಣ್ಣ ಸುದ್ದಿ. ಹುಡುಗರು ಈ ಶನಿವಾರ ಟ್ರೆಕ್ಕಿಂಗ್ ಅಂತಿದ್ದಾರೆ, ಕುಂತಿಬೆಟ್ಟ. ನಾನೂ ಬರಲೇಬೇಕಂತೆ. ಖುಷಿಯಾಯ್ತು. ಆಮೇಲೆ ವಿಚಾರಿಸಿದರೆ ಏಳು ಸೀಟಿನ ಕಾರಿರೋದು ನನ್ನೊಬ್ಬನ ಹತ್ರ.

ಮಂಡ್ಯ_ಮೇಷ್ಟ್ರು

ಕುಂತಿಬೆಟ್ಟ ನಮ್ಮ ಪಾಂಡವಪುರದ ಪಕ್ಕದಲ್ಲೇ. ಬಂಡೆಯ ಮೇಲೆ ಹತ್ತಬೇಕಾದ ಜಾಗಗಳಿವೆ, ಬೇಗ ಬಿಸಿಲೇರುತ್ತೆ. ಬೆಳಗ್ಗೆ ಆರಕ್ಕೆ ಹತ್ತೋಕೆ ಶುರು ಮಾಡಿ. ಮಂಡಿ ಹುಷಾರು, ಇಳಿಯುವಾಗ ಜಾಸ್ತಿ ನೋವು. ಕೆಳಗಿಳಿದ ಮೇಲೆ ಫೋನ್ ಮಾಡಿ, ಮನೇಲಿ ಮುದ್ದೆ ಊಟ. ಏಳು ಜನ ಆದರೂ ಪರವಾಗಿಲ್ಲ. ಮೆಸೇಜ್ ಬೇಡ, ನಾನು ನೋಡಲ್ಲ. ಸೀದಾ ಕಾಲ್ ಮಾಡಿ.

ಹೊಸಬ_2002

ಎಲ್ರಿಗೂ ನಮಸ್ಕಾರ. ಪೂರ್ತಿ ಓದಿದೆ, ನಕ್ಕು ಸಾಕಾಯ್ತು. ನನಗೊಂದು ಡೌಟಿದೆ. ನೋಟಿಸ್ ಪೀರಿಯಡ್ 90 ದಿನ, ಹೊಸ ಕಂಪನಿ 30 ದಿನದಲ್ಲಿ ಬಾ ಅಂತಿದೆ. ಇದನ್ನ ಇಲ್ಲಿ ಕೇಳಬಹುದಾ, ಬೇರೆ ಥ್ರೆಡ್ ತೆಗೀಬೇಕಾ?

ಲೆಕ್ಕದ_ಮನುಷ್ಯ

ಇಲ್ಲೇ ಕೇಳಪ್ಪ. ಮೊದಲು ಒಂದು ಹೇಳು, ಪೇಪರ್ ಹಾಕಿ ಆಯ್ತಾ, ಇನ್ನೂ ಇಲ್ವಾ? ಮತ್ತೆ ಅಲ್ಲಿ ಎಷ್ಟು ವರ್ಷ ಆಯ್ತು?

ಹೊಸಬ_2002

ನಿನ್ನೆ ಹಾಕಿದೆ ಸಾರ್. ಎರಡೂವರೆ ವರ್ಷ.

ಲೆಕ್ಕದ_ಮನುಷ್ಯ

ಸರಿ. ಆಫರ್ ಲೆಟರ್ ಕೈಗೆ ಬಂದಿದ್ಯಾ, ಬರೀ ಬಾಯಿ ಮಾತಾ?

ಹೊಸಬ_2002

ಸೋಮವಾರ ಕಳಿಸ್ತೀವಿ ಅಂದಿದಾರೆ

ಹಳೇ_ಬಗ್

ಅಯ್ಯೋ.